ಮಾಡಿನ ಸೋರಿಕೆ, ಅಟ್ಟದ ತೇವ: ಉತ್ತರ ಕನ್ನಡದ ಮನೆಗಳಿಗಾಗಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆಗೆ ಬಂದರೆ ಪ್ರಮಾಣ ಸ್ವಲ್ಪ ಇಳಿದರೂ ಜಡಿ ಹಿಡಿದು ಕೂರುವ ಗುಣ ಅಲ್ಲಿಯೂ ಅದೇ. 1000 ಚದರ ಅಡಿಯ ಒಂದು ಮಾಡಿನ ಮೇಲೆ 3000 ಮಿಲಿಮೀಟರ್ ಮಳೆ ಎಂದರೆ ಹತ್ತಿರ ಹತ್ತಿರ ಎರಡೂ ಮುಕ್ಕಾಲು ಲಕ್ಷ ಲೀಟರ್ ನೀರು. ಒಂದೇ ದಿನ 100 ಮಿಲಿಮೀಟರ್ ಬಿದ್ದರೆ ಆ ದಿನ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಆ ಮಾಡಿನಿಂದ ಇಳಿದುಹೋಗಬೇಕು. ಇಷ್ಟು ನೀರಿಗೆ ನಮ್ಮ ಮನೆಗಳು ಆಗಾಗ ಸೋಲುವುದರಲ್ಲಿ ಆಶ್ಚರ್ಯವಿಲ್ಲ.

ಶಿರಸಿಯ ಸಮೀಪದ ಹಂಚಿನ ಮನೆಯೊಂದರಲ್ಲಿ ಹುಟ್ಟಿ ಬೆಳೆದು, ಈಗ ಕುಮಟಾದ ತಾರಸಿ ಮನೆಯಲ್ಲಿ ಇರುವ ನನಗೆ ನೆಂಟರೂ ನೆರೆಯವರೂ ಪ್ರತಿ ಮೇ ತಿಂಗಳಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಮೊದಲೇ ಒಂದು ಮಾತು ಹೇಳಬೇಕು. ಮೇಲಿನಿಂದ ಇಳಿಯುವ ಮಳೆನೀರು ಬೇರೆ, ಮನೆಯೊಳಗಿನಿಂದ ಏರುವ ತೇವದ ಗಾಳಿ ಬೇರೆ. ಮೊದಲನೆಯದಕ್ಕೆ ಮುಚ್ಚುವುದು ಮದ್ದು, ಎರಡನೆಯದಕ್ಕೆ ತೆರೆಯುವುದು ಮದ್ದು. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದ್ದರಿಂದಲೇ ಹಾಳಾದ ಮುಚ್ಚಿಗೆಗಳನ್ನು, ಅಂದರೆ ಕೋಣೆಯ ಮೇಲಿನ ಮರದ ಹಲಗೆಯ ಹೊದಿಕೆಗಳನ್ನು, ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ.

ಸೋರಿಕೆಯೋ ಒಳಗಿನ ತೇವವೋ ಎಂದು ಗುರುತಿಸುವುದು ಹೇಗೆ?

ಸೋರಿಕೆಗೆ ಹೊತ್ತು ಮತ್ತು ಜಾಗ ಎರಡೂ ಇರುತ್ತವೆ. ಹಂಚಿನ ಮನೆಯಲ್ಲಿ ಮಳೆ ಬಿರುಸಾದ ಕೆಲವೇ ನಿಮಿಷಗಳಲ್ಲಿ ಹನಿ ಬೀಳುತ್ತದೆ. ತಾರಸಿ ಮನೆಯಲ್ಲಿ ಕೆಲವು ಗಂಟೆಗಳ ನಂತರವೋ ಮರುದಿನವೋ ಕಾಣಿಸಿಕೊಳ್ಳುತ್ತದೆ. ಅದರ ಕಲೆ ಒಂದೇ ಕಡೆ ಇದ್ದು, ಅಂಚಿನಲ್ಲಿ ಕಂದು ಗೆರೆ ಕಟ್ಟಿರುತ್ತದೆ. ಒಳಗಿನ ತೇವ ಹಾಗಲ್ಲ. ಅದು ಹರಡಿಕೊಂಡಿರುತ್ತದೆ, ಮಳೆ ಇಲ್ಲದ ದಿನವೂ ಇರುತ್ತದೆ, ನಸುಕಿನಲ್ಲಿ ಹೆಚ್ಚಾಗಿ ಕಾಣುತ್ತದೆ, ಅಟ್ಟದ ಬಾಗಿಲು ತೆರೆದೊಡನೆ ಮುಗ್ಗಲು ವಾಸನೆಯಾಗಿ ಮೂಗಿಗೆ ಬಡಿಯುತ್ತದೆ. ಹಲಗೆಯ ಕೆಳಗೆ ಚಾಚಿಕೊಂಡಿರುವ ಮೊಳೆಗಳ ತುದಿಗಳನ್ನು ಟಾರ್ಚ್ ಹಿಡಿದು ನೋಡಿದರೆ ಸಾಕಷ್ಟು ತಿಳಿಯುತ್ತದೆ: ಎಲ್ಲ ಮೊಳೆಗಳಿಗೂ ಒಂದೇ ಸಮನೆ ತುಕ್ಕು ಹಿಡಿದಿದ್ದರೆ ಅದು ಗಾಳಿಯ ತೇವ, ಒಂದು ಮೂಲೆಯ ನಾಲ್ಕಾರು ಮೊಳೆಗಳಿಗೆ ಮಾತ್ರ ಹಿಡಿದಿದ್ದರೆ ಅದು ಸೋರಿಕೆ.

ತಾರಸಿಯ ಕೆಳಮೈ ಒದ್ದೆಯಾಗಿ ಕಂಡರೆ, ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಲ್ಲಿ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹಿಂದೆ, ಕಾಂಕ್ರೀಟಿನ ಕಡೆಗೆ, ನೀರು ಕೂತಿದ್ದರೆ ತೇವ ಮೇಲಿನಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಮಾತ್ರ ಬೆವೆತಿದ್ದರೆ ಅದು ಕೋಣೆಯದೇ ಗಾಳಿ.

ಮಾಡನ್ನು ಯಾವಾಗ ಪರೀಕ್ಷಿಸಬೇಕು?

ಮೃಗಶಿರ ಮಳೆ ಹೂಡುವುದು ಜೂನ್ 7 ಅಥವಾ 8ರ ಸುಮಾರಿಗೆ. ಅದಕ್ಕೆ ಒಂದು ವಾರ ಮೊದಲು ಹಂಚು ಕೈಯಾಡಿಸುವವರನ್ನು ಹುಡುಕಿದರೆ ಯಾರೂ ಸಿಗುವುದಿಲ್ಲ, ಸಿಕ್ಕವರಿಗೂ ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಏಪ್ರಿಲ್‌ನಲ್ಲಿಯೇ ಕೆಲಸ ಮುಗಿಸಿಕೊಂಡು, ಮೇ ತಿಂಗಳ ಗುಡುಗು ಮಳೆ ಬಂದಾಗ ಟಾರ್ಚ್ ಹಿಡಿದು ಅಟ್ಟ ಹತ್ತಿ ಕೂರುವುದು ಒಳ್ಳೆಯದು. ಆ ಮೊದಲ ಮಳೆಯಷ್ಟು ನಿಷ್ಠುರವಾಗಿ ಮಾಡನ್ನು ಪರೀಕ್ಷಿಸುವವರು ಬೇರೆ ಇಲ್ಲ, ಮತ್ತು ತಪ್ಪು ಕಂಡರೆ ತಿದ್ದಿಕೊಳ್ಳಲು ಆಗ ಇನ್ನೂ ಒಂದೆರಡು ಒಣ ವಾರಗಳು ಕೈಯಲ್ಲಿರುತ್ತವೆ. ಎರಡನೆಯ ಪರೀಕ್ಷೆ ನವರಾತ್ರಿ ಕಳೆದ ಮೇಲೆ. ಮಳೆಗಾಲದ ಗಾಯಗಳು ಆಗ ಹಸಿಯಾಗಿಯೇ ಇರುವುದರಿಂದ ಎಲ್ಲಿ ಏನಾಯಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಬೇಸಿಗೆಗೆ ತಳ್ಳಿದರೆ ಕಲೆ ಒಣಗಿ, ನಾವೂ ಮರೆತು, ಮುಂದಿನ ಆಷಾಢದಲ್ಲಿ ಮತ್ತೆ ಅದೇ ಜಾಗಕ್ಕೆ ಬಕೆಟ್ ಇಡಬೇಕಾಗುತ್ತದೆ.

ಹಂಚಿನ ಮಾಡು ಸೋರುವುದಕ್ಕೆ ಕಾರಣಗಳೇನು?

ನಾವು ಮಂಗಳೂರು ಹಂಚು ಎನ್ನುವ ಹಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ್ದು 1865ರಲ್ಲಿ. ಅದಕ್ಕೂ ಮೊದಲು ಇಲ್ಲಿದ್ದದ್ದು ಸೋಗೆಯ ಮಾಡು ಮತ್ತು ನಾಡಹಂಚು. ಮಂಗಳೂರು ಹಂಚಿನ ಜಾಣತನವೆಲ್ಲ ಅದರ ಗಾಡಿಯಲ್ಲಿ, ಅಂದರೆ ಒಂದು ಹಂಚಿನ ಅಂಚು ಪಕ್ಕದ ಹಂಚಿನ ಅಂಚಿನ ಮೇಲೆ ಕೂತು ನೀರನ್ನು ಕೆಳಗಿನ ಸಾಲಿಗೆ ದಾಟಿಸುವ ಆ ಕಾಲುವೆಯಲ್ಲಿದೆ. ಹಂಚು ನೀರನ್ನು ತಡೆದು ನಿಲ್ಲಿಸುವುದಿಲ್ಲ, ಬೇಗ ಸಾಗಹಾಕುತ್ತದೆ. ಸಾಗಹಾಕಲು ಇಳಿಜಾರು ಬೇಕು. 30 ಡಿಗ್ರಿಗಿಂತ ಚಪ್ಪಟೆಯಾದ ಮಾಡಿನಲ್ಲಿ, ಅಂದರೆ ಅಡ್ಡ 10 ಅಡಿಗೆ ಸುಮಾರು 5 ಅಡಿ 9 ಇಂಚಿನಷ್ಟು ಎತ್ತರ ಇಲ್ಲದ ಕಡೆ, ಪಡುವಣ ಗಾಳಿ ನೀರನ್ನು ಹಿಂದಕ್ಕೆ ತಳ್ಳಿ ಹಂಚಿನ ಕೆಳಕ್ಕೆ ನುಗ್ಗಿಸುತ್ತದೆ. ಮೂಲ ಮನೆ ಸೋರದೆ, ಆಮೇಲೆ ಮುಂದಕ್ಕೆ ಎಳೆದ ಜಗಲಿಯ ಮಾಡು ಮಾತ್ರ ಸೋರುವುದು ಈ ಕಾರಣಕ್ಕೆ. ಎತ್ತರ ಸಾಲದೆ ಅದನ್ನು ಚಪ್ಪಟೆಯಾಗಿ ಕಟ್ಟಿರುತ್ತಾರೆ.

ಎರಡನೆಯ ಕಾರಣ ಕಸ. ಕಳೆದ ವರ್ಷ ನಮ್ಮ ಹಳೆಯ ಮನೆಯಲ್ಲಿ ಸೋರುತ್ತಿದ್ದ ಜಾಗದ ಒಂದು ಹಂಚನ್ನು ಎತ್ತಿ ನೋಡಿದೆ. ಹಂಚು ಗಟ್ಟಿಯಾಗಿಯೇ ಇತ್ತು, ಬಿರುಕೂ ಇರಲಿಲ್ಲ. ಆದರೆ ಗಾಡಿಯಲ್ಲಿ ಅಡಿಕೆ ಹಿಂಗಾರದ ಉದುರು, ಹಲಸಿನ ಎಲೆಯ ಪುಡಿ ಮತ್ತು ಕೆಂಪು ಧೂಳು ಸೇರಿ ಕೆಸರಾಗಿ ಕೂತಿತ್ತು; ಅದರ ಮೇಲೆ ಬೆರಳ ದಪ್ಪದ ಹಾವಸೆ ಬೆಳೆದಿತ್ತು; ಹಾವಸೆಯ ಬೇರುಗಳ ನಡುವೆ ಒಂದು ಪುಟ್ಟ ಗಿಡ ಎರಡು ಎಲೆ ಬಿಟ್ಟಿತ್ತು. ಕಾಲುವೆಗೆ ಒಡ್ಡು ಕಟ್ಟಿದ ಹಾಗೆ ನೀರು ಅಲ್ಲಿ ನಿಂತು, ಅಂಚನ್ನು ಮೀರಿ ಒಳಕ್ಕೆ ಇಳಿಯುತ್ತಿತ್ತು. ಹಂಚನ್ನು ತೊಳೆದು ಅಲ್ಲೇ ಕೂರಿಸಿದ ಮೇಲೆ ಆ ಜಾಗ ಒಂದು ಹನಿಯೂ ಸೋರಿಲ್ಲ. ಅದಕ್ಕೂ ಹಿಂದಿನ ವರ್ಷ ಅದೇ ಜಾಗಕ್ಕೆ ಮೇಲಿನಿಂದ ಸಿಮೆಂಟು ಬಳಿಸಿ ಹಣ ಕಳೆದುಕೊಂಡಿದ್ದೆವು.

ಉಳಿದ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವು: ತೆಂಗಿನ ಹೆಡೆ ಅಥವಾ ಕಾಯಿ ಬಿದ್ದು ಒಡೆಯುವುದು, ಮಂಗಗಳು ಸರಿಸಿಹೋಗುವುದು, ಹಂಚು ಕೂರುವ ಅಡ್ಡಪಟ್ಟಿಯಾದ ರೀಪು ಬಾಗಿ ಹಂಚಿನ ಸಾಲು ಬಾಯಿ ಬಿಡುವುದು, ಅಡುಗೆಮನೆಯ ಗಾಜಿನ ಹಂಚು ಸೀಳುವುದು. ಇವುಗಳಲ್ಲಿ ರೀಪಿನ ಮೇಲೆ ಹೆಚ್ಚು ಕಣ್ಣಿಡಬೇಕು. ಸೂರಿನಿಂದ ನೆತ್ತಿಯ ಕಡೆಗೆ ಕಣ್ಣು ಹಾಯಿಸಿ ನೋಡಿದಾಗ ಹಂಚಿನ ಸಾಲುಗಳು ಅಲೆಯಂತೆ ಕಂಡರೆ ಕೆಳಗಿನ ರೀಪೋ, ಅದನ್ನು ಹೊರುವ ಓರೆ ಮರವಾದ ಪಕಾಸೋ ಸೋತಿದೆ ಎಂದೇ ಅರ್ಥ, ಆಗ ಹಂಚು ಬದಲಿಸಿ ಪ್ರಯೋಜನವಿಲ್ಲ.

ಬದಲಿ ಹಂಚು ತರುವಾಗ ಏನು ನೋಡಬೇಕು?

ಹಳೆಯ ಹಂಚೊಂದನ್ನು ಜೊತೆಗೇ ಒಯ್ಯಬೇಕು. ಬೇರೆ ಬೇರೆ ಕಾರ್ಖಾನೆಗಳ ಹಂಚುಗಳ ಗಾಡಿ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಕಣ್ಣಿಗೆ ಒಂದೇ ಎಂದು ಕಂಡರೂ ಕಾಲು ಇಂಚಿನ ಸಂದು ಉಳಿಯುತ್ತದೆ, ಗಾಳಿಮಳೆಗೆ ಅಷ್ಟು ಸಾಕು. ಬೆರಳ ಗೆಣ್ಣಿನಿಂದ ತಟ್ಟಿದರೆ ಚೆನ್ನಾಗಿ ಬೆಂದ ಹಂಚು ಗಂಟೆಯಂತೆ ಸದ್ದು ಮಾಡುತ್ತದೆ, ಒಳಬಿರುಕು ಇದ್ದದ್ದು ಮಂದವಾಗಿ ಟಪ್ ಎನ್ನುತ್ತದೆ. ಹಳೆಯ ಮನೆ ಕೆಡವುವ ಕಡೆ ಅದೇ ಮುದ್ರೆಯ ಹಂಚು ಸಿಕ್ಕರೆ ಐವತ್ತಾದರೂ ತಂದು ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿ ಇಟ್ಟುಕೊಳ್ಳುವುದು ಜಾಣತನ.

ಹನಿ ಬೀಳುವ ಜಾಗದ ಮೇಲೆ ಎಲ್ಲವೂ ಸರಿಯಿದೆ. ಹಾಗಾದರೆ ನೀರು ಎಲ್ಲಿಂದ ಬರುತ್ತಿದೆ?

ನೀರು ಒಳಗೆ ಬಂದ ಜಾಗದಲ್ಲಿಯೇ ಬೀಳುವುದು ಅಪರೂಪ. ಅದು ರೀಪನ್ನು ಹಿಡಿದು ಪಕ್ಕಕ್ಕೆ, ಪಕಾಸನ್ನು ಹಿಡಿದು ಕೆಳಕ್ಕೆ ಹರಿಯುತ್ತದೆ. ಎಲ್ಲಿ ಗಂಟೋ ಮೊಳೆಯೋ ಅಡ್ಡ ಬಂದಿತೋ ಅಲ್ಲಿ ಬಿಟ್ಟು ಬೀಳುತ್ತದೆ. ನಮ್ಮ ಮನೆಯ ದೇವರ ಕೋಣೆಯಲ್ಲಿ ಎರಡು ಮಳೆಗಾಲ ಹನಿ ಬಿತ್ತು. ನೇರ ಮೇಲಿನ ಹಂಚುಗಳನ್ನು ಮೂರು ಸಲ ಬದಲಿಸಿದರು. ಕೊನೆಗೆ ಆರ್ದ್ರಾ ಮಳೆಯ ಒಂದು ಮಧ್ಯಾಹ್ನ ಅಟ್ಟದಲ್ಲಿ ಅಂಗಾತ ಮಲಗಿ ಟಾರ್ಚನ್ನು ಮರದ ಮೈಗೆ ಓರೆಯಾಗಿ ಹಿಡಿದು ನೋಡಿದಾಗ, ಪಕಾಸಿನ ಒಂದು ಅಂಚಿನ ಉದ್ದಕ್ಕೂ ದಾರದಷ್ಟು ತೆಳ್ಳಗೆ ನೀರು ಮಿನುಗುತ್ತಾ ಇಳಿಯುವುದು ಕಾಣಿಸಿತು. ಅದನ್ನೇ ಹಿಡಿದು ಮೇಲಕ್ಕೆ ಹೋದರೆ, ಹನಿ ಬೀಳುವಲ್ಲಿಂದ ಎಂಟು ಅಡಿ ಆಚೆ ನೆತ್ತಿಯ ಹಂಚಿನ ಗಾರೆ ಬಿಟ್ಟುಕೊಂಡಿತ್ತು.

ಆದ್ದರಿಂದ ಮಳೆ ಸುರಿಯುವಾಗಲೇ ಅಟ್ಟದೊಳಗಿನಿಂದ ಜಾಡು ಹಿಡಿಯಬೇಕು, ಸಿಕ್ಕ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು, ಎರಡು ಗೋಡೆಗಳಿಂದ ಅದರ ದೂರವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಒಣ ದಿನದಲ್ಲಿಯಾದರೆ ನಡುಮಧ್ಯಾಹ್ನ ಅಟ್ಟದ ದೀಪ ಆರಿಸಿ ನೋಡಿ, ಬಿಸಿಲಿನ ಚುಕ್ಕೆ ಎಲ್ಲೆಲ್ಲಿ ಬೀಳುತ್ತದೆ ಎಂದು ಗುರುತಿಸಬಹುದು. ಪೈಪು ಹಿಡಿದು ನೀರು ಬಿಟ್ಟು ಪರೀಕ್ಷಿಸುವುದಾದರೆ ಸೂರಿನಿಂದ ಆರಂಭಿಸಿ ಒಂದೊಂದೇ ಸಾಲು ಮೇಲಕ್ಕೆ ಹೋಗಬೇಕು, ಪ್ರತಿ ಸಾಲಿಗೆ ಐದಾರು ನಿಮಿಷ ಕೊಡಬೇಕು. ನೆತ್ತಿಯಿಂದಲೇ ನೀರು ಬಿಟ್ಟರೆ ಮಾಡೆಲ್ಲ ಒದ್ದೆಯಾಗಿ ಯಾವ ಸಾಲಿನದು ತಪ್ಪು ಎಂದು ತಿಳಿಯುವುದಿಲ್ಲ.

ನೆತ್ತಿಯ ಗಾರೆ, ಎರಡು ಮಾಡು ಕೂಡುವ ದೋಣಿ, ಗೋಡೆಗೆ ತಾಗುವ ಅಂಚು: ಇವು ಯಾಕೆ ಪದೇ ಪದೇ ಬಿಡುತ್ತವೆ?

ನೆತ್ತಿಯ ಹಂಚನ್ನು ಬರೀ ಸಿಮೆಂಟು ಹೆಚ್ಚು ಹಾಕಿದ ಗಾರೆಯಲ್ಲಿ ಕೂರಿಸಿದರೆ ಬಿಸಿಲಿಗೆ ಅದು ಕುಗ್ಗಿ ಬಿರಿಯುತ್ತದೆ. ಸುಣ್ಣ ಬೆರೆಸಿದ ಗಾರೆ ಮಾಡಿನ ಸಣ್ಣ ಅಲುಗಾಟವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಮಾಡು ಗೋಡೆಗೆ ತಾಗುವಲ್ಲಿ ಗಾರೆಯೊಂದನ್ನೇ ನಂಬಬಾರದು. ಮರ ಒಂದು ರೀತಿ ಹಿಗ್ಗಿದರೆ ಗೋಡೆ ಇನ್ನೊಂದು ರೀತಿ ಹಿಗ್ಗುತ್ತದೆ. ಅಲ್ಲಿ ಗೋಡೆಯಲ್ಲಿ ಗೆರೆ ಕೊರೆದು, ತಗಡಿನ ಮೇಲಂಚನ್ನು ಅದರೊಳಗೆ ಸಿಕ್ಕಿಸಿ, ಕೆಳಂಚನ್ನು ಹಂಚಿನ ಮೇಲೆ ಇಳಿಬಿಟ್ಟರೆ ಎರಡೂ ತಮ್ಮಷ್ಟಕ್ಕೆ ಅಲುಗಾಡಿದರೂ ನೀರು ಒಳಗೆ ಬರುವುದಿಲ್ಲ. ಬಳಿಯದ ಚಿರೇಕಲ್ಲಿನ ಗೋಡೆಯಾದರೆ ಇನ್ನೂ ಒಂದು ತೊಂದರೆ ಇದೆ. ಆ ಕಲ್ಲು ತೂತುತೂತಾಗಿದ್ದು ಪಡುವಣ ಇರಚಲನ್ನು ಹೀರಿಕೊಂಡು ಒಳಗೋಡೆಗೆ ತಲುಪಿಸುತ್ತದೆ. ಮಾಡು ಸೋರುತ್ತಿದೆ ಎಂದುಕೊಂಡದ್ದು ಎಷ್ಟೋ ಸಲ ಗೋಡೆಯ ಸೋರಿಕೆಯಾಗಿರುತ್ತದೆ. ಹಿಂದಿನವರು ಮಳೆಗಾಲಕ್ಕೆ ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕಾಗಿಯೇ, ಮತ್ತು ಈಗಲೂ ಅದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ.

ದೋಣಿಯ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟೇ: ಎರಡು ಮಾಡಿನ ನೀರು ಅಲ್ಲಿ ಒಂದಾಗುತ್ತದೆ, ಎಲೆಯೂ ಅಲ್ಲಿಗೇ ಬರುತ್ತದೆ. ಮಳೆಗಾಲದಲ್ಲಿ ತಿಂಗಳಿಗೆ ಒಮ್ಮೆಯಾದರೂ ಹೊಳವು (ಮಳೆಯ ಬಿಡುವು) ನೋಡಿ ಅದನ್ನು ಬಾಚಬೇಕು.

ತಾರಸಿ ಸೋರುತ್ತಿದೆ. ವಾಟರ್‌ಪ್ರೂಫ್ ಬಣ್ಣ ಬಳಿದರೆ ಸಾಕೇ?

ನೀರು ನಿಲ್ಲುವ ತಾರಸಿಗೆ ಯಾವ ಬಣ್ಣವೂ ಬಹಳ ಕಾಲ ತಡೆಯುವುದಿಲ್ಲ. ಮೊದಲು ಇಳಿಜಾರನ್ನು ನೋಡಬೇಕು. ನೂರಕ್ಕೆ ಒಂದರ ಇಳಿಜಾರು, ಅಂದರೆ 10 ಅಡಿಗೆ ಸುಮಾರು ಒಂದೂಕಾಲು ಇಂಚು, ಕನಿಷ್ಠ ಎನ್ನುವುದು ವಾಡಿಕೆ. ನಮ್ಮ ಮಳೆಗೆ 10 ಅಡಿಗೆ ಒಂದೂವರೆ ಇಂಚು ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮಳೆ ನಿಂತ ಮರುದಿನ ತಾರಸಿ ಹತ್ತಿ ಎಲ್ಲೆಲ್ಲಿ ನೀರು ನಿಂತಿದೆ ಎಂದು ಸೀಮೆಸುಣ್ಣದಿಂದ ಗೆರೆ ಎಳೆದರೆ ತಗ್ಗಿನ ನಕ್ಷೆ ತಾನೇ ಸಿದ್ಧವಾಗುತ್ತದೆ. ನೀರಿಳಿಯುವ ಪೈಪು ನಾಲ್ಕು ಇಂಚಿಗೆ ಕಡಿಮೆ ಇರಬಾರದು, ಮತ್ತು ಎಷ್ಟೇ ಚಿಕ್ಕ ತಾರಸಿಯಾದರೂ ಪೈಪು ಎರಡಿರಬೇಕು. ಒಂದಕ್ಕೆ ಎಲೆ ಸಿಕ್ಕಿಕೊಂಡ ರಾತ್ರಿ ಇನ್ನೊಂದು ಮನೆಯನ್ನು ಕಾಯುತ್ತದೆ.

ಆಮೇಲೆ ನೋಡಬೇಕಾದದ್ದು ತಾರಸಿಗೂ ಸುತ್ತಲಿನ ಕೈಗೋಡೆಗೂ ನಡುವಿನ ಮೂಲೆ. ಸೋರಿಕೆ ಹೆಚ್ಚಾಗಿ ಆರಂಭವಾಗುವುದು ಅಲ್ಲಿ. ಆ ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಿಂದ ದುಂಡಗೆ ವಾಟ ಕಟ್ಟಿ, ಮೇಲೆ ಹಾಕುವ ಲೇಪನವನ್ನು ಗೋಡೆಯ ಮೇಲೂ ಆರು ಇಂಚು ಹತ್ತಿಸಬೇಕು. ನೀರಿನ ಟ್ಯಾಂಕಿನ ಕಾಲು, ಪೈಪು ತೂರಿದ ಜಾಗ, ಡಿಶ್ ಆಂಟೆನಾ ಕೂರಿಸಲು ಕೊರೆದ ತೂತು ಇವೂ ಹಾಗೆಯೇ. ಬಿರುಕುಗಳ ಮೇಲೆ ಬರೀ ಬಣ್ಣ ಹಚ್ಚಬಾರದು. ಅವುಗಳನ್ನು ಅಗಲಿಸಿ, ಧೂಳು ಊದಿ, ಹಿಗ್ಗಿ ಕುಗ್ಗುವ ಸೀಲೆಂಟನ್ನೋ ಪಾಲಿಮರ್ ಗಾರೆಯನ್ನೋ ತುಂಬಿ, ಅದು ಒಣಗಿದ ಮೇಲೆ ಲೇಪನ ಕೊಡಬೇಕು. ಈ ಕೆಲಸಕ್ಕೆ ತಾರಸಿ ಒಳಗಿನವರೆಗೆ ಒಣಗಿರಬೇಕಾದ್ದರಿಂದ ಫೆಬ್ರವರಿಯಿಂದ ಏಪ್ರಿಲ್ ಸರಿಯಾದ ಕಾಲ. ಮೇ ಕೊನೆಯಲ್ಲಿ ಹಸಿ ಕಾಂಕ್ರೀಟಿನ ಮೇಲೆ ಅವಸರದಲ್ಲಿ ಬಳಿದ ಲೇಪನ, ಕೆಳಗಿನ ತೇವ ಬಿಸಿಲಿಗೆ ಆವಿಯಾಗಿ ಒತ್ತಿದಾಗ, ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ.

ಕೆಲಸ ಮುಗಿದ ಮೇಲೆ ಪೈಪಿನ ಬಾಯಿಗಳನ್ನು ಕಟ್ಟಿ, ಒಂದೆರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನಿಂದ ನೋಡಿಯೇ ಪೂರ್ತಿ ಹಣ ಕೊಡಬೇಕು. ಕಂಬಿ ಕಾಣುವಷ್ಟು ಹಳೆಯದಾದ ತಾರಸಿಯ ಮೇಲೆ ಮಾತ್ರ ಈ ಪರೀಕ್ಷೆ ಮಾಡಬಾರದು; ನೀರಿನ ಭಾರ ಅದಕ್ಕೆ ಒಳ್ಳೆಯದಲ್ಲ.

ಸಮುದ್ರದ ಹತ್ತಿರದ ಮನೆಗೆ ವಿಶೇಷವಾಗಿ ಏನಾದರೂ ಬೇಕೇ?

ಬೇಕು. ಉಪ್ಪಿನ ಅಂಶ ತೇವದ ಜೊತೆ ಕಾಂಕ್ರೀಟಿನೊಳಗೆ ಇಳಿದು ಕಂಬಿಯನ್ನು ಮುಟ್ಟಿದರೆ ತುಕ್ಕು ಆರಂಭವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತೆಗೆದುಕೊಳ್ಳುವುದರಿಂದ, ಕಂಬಿ ಒಳಗಿನಿಂದಲೇ ಕಾಂಕ್ರೀಟನ್ನು ಸೀಳಿ ಉದುರಿಸುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದ ಎಷ್ಟೋ ಮನೆಗಳಲ್ಲಿ ಛಾವಣಿಯಿಂದ ಗಾರೆಯ ಹಕ್ಕಳೆ ಕಳಚಿ ಬೀಳುವುದು ಹೀಗೆ. ಅದರ ಮೇಲೆ ಮತ್ತೆ ಗಾರೆ ಮೆತ್ತಿ ಬಣ್ಣ ಹಚ್ಚುವುದು ರೋಗವನ್ನು ಮುಚ್ಚಿಟ್ಟ ಹಾಗೆ. ಸಡಿಲವಾದುದನ್ನೆಲ್ಲ ಒಡೆದು ತೆಗೆದು, ಕಂಬಿಯ ಹಿಂಬದಿಯವರೆಗೆ ಬಿಡಿಸಿ, ತುಕ್ಕನ್ನು ಉಜ್ಜಿ, ತುಕ್ಕು ತಡೆಯುವ ಲೇಪನ ಕೊಟ್ಟು, ಆಮೇಲೆ ಪಾಲಿಮರ್ ಗಾರೆ ತುಂಬಬೇಕು. ಕಂಬಿಯೇ ಸವೆದು ಸಣ್ಣದಾಗಿದ್ದರೆ ಇಂಜಿನಿಯರನ್ನು ಕರೆಸದೆ ಕೈಹಾಕಬಾರದು. ಹೊಸ ಕೆಲಸಕ್ಕೆ ಉಪ್ಪುನೀರು ಏರುವ ಕಡೆಯ ಮರಳನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬಾರದು.

ತಾರಸಿಯ ಮೇಲೆ ಶೀಟು ಹೊದಿಸಿದರೆ ಎಲ್ಲ ತೊಂದರೆ ಮುಗಿಯುತ್ತದೆಯೇ?

ಮಳೆಯ ಮಟ್ಟಿಗೆ ಹೆಚ್ಚುಕಡಿಮೆ ಮುಗಿಯುತ್ತದೆ, ಸರಿಯಾಗಿ ಹೊದಿಸಿದರೆ. ಸ್ಕ್ರೂ ಶೀಟಿನ ಏರಿನ ಮೇಲೆ ಬರಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ರಬ್ಬರ್ ವಾಷರ್ ಒತ್ತಿ ಕೂರುವಷ್ಟೇ ತಿರುಗಿಸಬೇಕು. ಜಾಸ್ತಿ ಬಿಗಿದರೆ ವಾಷರ್ ಹರಿದು ಎರಡೇ ವರ್ಷದಲ್ಲಿ ಹನಿ ಇಳಿಯುತ್ತದೆ. ಪಕ್ಕದ ಶೀಟಿನ ಮೇಲೆ ಶೀಟು ಕೂರುವಾಗ ಸಂದಿನ ಬಾಯಿ ಪಡುವಣ ಗಾಳಿಗೆ ಎದುರಾಗದಂತೆ, ಗಾಳಿ ಹೋಗುವ ದಿಕ್ಕಿಗೆ ಇರುವಂತೆ ಹೊದಿಸಬೇಕು.

ಆದರೆ ಶೀಟಿನ ಕೆಳಗಿನ ಜಾಗವನ್ನು ನಾಲ್ಕೂ ಕಡೆ ಮುಚ್ಚಿ ಕೋಣೆ ಮಾಡಿಕೊಂಡವರು ಇನ್ನೊಂದು ತೊಂದರೆಯನ್ನು ಮನೆಗೆ ತಂದುಕೊಂಡಂತೆ. ರಾತ್ರಿ ತೆರೆದ ಆಕಾಶದ ಕೆಳಗೆ ಲೋಹದ ಶೀಟು ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆ. 28 ಡಿಗ್ರಿ ಉಷ್ಣತೆಯ, 85 ಶೇಕಡಾ ತೇವಾಂಶದ ಗಾಳಿ 25 ಡಿಗ್ರಿಯ ಮೈಯನ್ನು ಮುಟ್ಟಿದರೆ ಸಾಕು, ನೀರಾಗಿ ಹನಿಯುತ್ತದೆ. ಡಿಸೆಂಬರಿನಲ್ಲಿ ಶಿರಸಿಯ ಮಂಜಿನ ಮುಂಜಾವಿನಲ್ಲಿ, ಮಳೆಯ ಸುಳಿವೇ ಇಲ್ಲದಾಗ, ಶೀಟಿನಿಂದ ಹನಿ ಬಿದ್ದು ಒಣಗಲು ಹರಡಿದ ಅಡಿಕೆ ಒದ್ದೆಯಾಗಿದೆ ಎಂದು ಹೇಳುವವರಿಗೆ ಶೀಟು ತೂತಾಗಿಲ್ಲ ಎಂದು ನಂಬಿಸುವುದು ಕಷ್ಟ. ಎದುರುಬದುರು ಎರಡು ಕಡೆಯಾದರೂ ಪೂರ್ತಿ ತೆರೆದಿಡಬೇಕು.

ಮೊದಲು ಅಟ್ಟ ಒಣಗಿರುತ್ತಿತ್ತು. ಈಗ ಸೋರದಿದ್ದರೂ ಮುಗ್ಗುತ್ತದೆ. ಯಾಕೆ?

ನನಗೆ ಈ ಎಲ್ಲ ಪ್ರಶ್ನೆಗಳಲ್ಲಿ ಮುಖ್ಯವೆನಿಸುವುದು ಇದು. ಅಜ್ಜಿಯ ಕಾಲದಲ್ಲಿ ಕಟ್ಟಿಗೆ ಒಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿತ್ತು. ಅದರ ಬಿಸಿ ಮತ್ತು ಹೊಗೆ ಮುಚ್ಚಿಗೆಯ ಸಂದಿನಿಂದ ಅಟ್ಟಕ್ಕೆ ಏರಿ, ಅಲ್ಲಿಂದ ಹಂಚಿನ ಸಂದುಗಳಲ್ಲಿ ಹೊರಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಮಾಡಿನ ಮೇಲೆ ತೆಳು ನೀಲಿ ಹೊಗೆ ಆಡುತ್ತಿದ್ದರೆ ಆ ಮನೆಯ ಪಕಾಸು, ರೀಪು ಎಲ್ಲವೂ ಒಣಗುತ್ತಿವೆ ಎಂದು ಅರ್ಥ. ಮರಕ್ಕೆ ಹತ್ತಿದ ಮಸಿ ಹುಳುವನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಹೊಗೆ ಅಡುಗೆ ಮಾಡುವವರ ಕಣ್ಣು ಮತ್ತು ಎದೆಗೆ ಮಾಡಿದ ಕೆಡುಕನ್ನು ನೋಡಿದವನಾದ್ದರಿಂದ ಆ ಒಲೆಗೆ ಮರಳಬೇಕೆಂದು ನಾನು ಹೇಳುವುದಿಲ್ಲ. ಆದರೆ ಒಲೆಯನ್ನು ತೆಗೆದಾಗ ಅಟ್ಟವನ್ನು ಒಣಗಿಸುತ್ತಿದ್ದ ವ್ಯವಸ್ಥೆಯನ್ನೂ ತೆಗೆದೆವು, ಅದರ ಜಾಗದಲ್ಲಿ ಬೇರೆ ಏನನ್ನೂ ಇಡಲಿಲ್ಲ.

ಇನ್ನೊಂದು ಕಡೆಯಿಂದ ತೇವ ಹೆಚ್ಚಾಯಿತು. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. 14.2 ಕಿಲೋದ ಒಂದು ಸಿಲಿಂಡರು ಮುಗಿಯುವಷ್ಟರಲ್ಲಿ 22 ಲೀಟರಿಗೂ ಮೀರಿದ ನೀರು, ಕುದಿಯುವ ಅನ್ನ ಸಾರಿನ ಆವಿಯನ್ನು ಬಿಟ್ಟು, ಬರೀ ಉರಿಯಿಂದಲೇ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಕಟ್ಟಿಗೆಯ ಉರಿಯಿಂದಲೂ ಆವಿ ಹುಟ್ಟುತ್ತದೆ, ಆದರೆ ಅದಕ್ಕೆ ಹೊರಗೆ ಹೋಗುವ ದಾರಿಯಿತ್ತು. ಬಚ್ಚಲ ಹಂಡೆಯ ಹಬೆ, ಮಳೆಗಾಲದಲ್ಲಿ ಒಳಗೇ ಹರಡಿದ ಬಟ್ಟೆ ಇವನ್ನೂ ಕೂಡಿಸಿ. ಈ ಆವಿಯೆಲ್ಲ ಮೇಲಕ್ಕೇರುತ್ತದೆ. ಮೇಲೆ ನಾವು ಇಲಿ ಬರುತ್ತದೆ, ಧೂಳು ಬೀಳುತ್ತದೆ ಎಂದು ಹಂಚಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹೊಡೆಸಿ, ಸೂರಿನ ಸಂದು ತುಂಬಿಸಿ, ಬೆಳಕಿಂಡಿಗೆ ಹಲಗೆ ಬಡಿದಿರುತ್ತೇವೆ. ನಮ್ಮ ಹಳೆಯ ಮನೆಯಲ್ಲಿಯೂ ಹೀಗೆಯೇ ಆಯಿತು. ಸೋರಿಕೆ ನಿಲ್ಲಿಸಲು ಕರೆಸಿದ ಗುತ್ತಿಗೆದಾರರೊಬ್ಬರು ಒಳಗಿನಿಂದ ಎಲ್ಲ ಸಂದುಗಳಿಗೂ ನೊರೆ ತುಂಬಿಸಿ ಹೋದರು. ಸೋರಿಕೆ ಅರ್ಧ ನಿಂತಿತು. ಆಶ್ಲೇಷ ಮಳೆ ಮುಗಿಯುವಷ್ಟರಲ್ಲಿ ನೂರು ವರ್ಷ ಏನೂ ಆಗದ ಹಲಸಿನ ಮುಚ್ಚಿಗೆಯ ಮೇಲೆ ಬಿಳಿ ಬೂಷ್ಟು ಅಂಗೈ ಅಂಗೈಯಷ್ಟು ಅಗಲಕ್ಕೆ ಹಬ್ಬಿತ್ತು.

ಮಾಡಬೇಕಾದದ್ದು ಕಷ್ಟವೇನಲ್ಲ. ಅಡುಗೆಮನೆ ಮತ್ತು ಬಚ್ಚಲಿನ ಎಕ್ಸಾಸ್ಟ್ ಫ್ಯಾನು ನೇರ ಹೊರಗೆ ಊದಬೇಕು, ಅಟ್ಟದೊಳಕ್ಕೆ ಎಂದಿಗೂ ಬಿಡಬಾರದು. ಅಟ್ಟಕ್ಕೆ ಗಾಳಿ ಒಳಬರಲು ಸೂರಿನ ಮಟ್ಟದಲ್ಲಿ ಮತ್ತು ಹೊರಹೋಗಲು ನೆತ್ತಿಯ ಸಮೀಪ, ಎರಡೂ ಕಡೆ ದಾರಿ ಇರಬೇಕು. ಇಲಿ, ಬಾವಲಿಗಳ ಕಾಟಕ್ಕೆ ತುಕ್ಕು ಹಿಡಿಯದ ಸಣ್ಣ ಕಣ್ಣಿನ ಜಾಲರಿ ಹೊಡೆಸಿದರೆ ಸಾಕು, ಹಲಗೆ ಬೇಡ.

ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆಯಲ್ಲವೇ? ಅದನ್ನು ಒಳಗೆ ಬಿಟ್ಟು ಏನು ಪ್ರಯೋಜನ?

ಇದು ಸರಿಯಾದ ಆಕ್ಷೇಪ. ಆಷಾಢದ ಗಾಳಿ ತಾನಾಗಿ ಏನನ್ನೂ ಒಣಗಿಸುವುದಿಲ್ಲ. ಆದರೆ ಒಳಗೆ ಹುಟ್ಟಿದ ಆವಿಯನ್ನು ಅದು ಹೊತ್ತುಕೊಂಡು ಹೋಗುತ್ತದೆ, ಮತ್ತು ಸ್ವಲ್ಪ ಬಿಸಿಯಾದರೆ ಒಣಗಿಸುವ ಶಕ್ತಿಯನ್ನೂ ಪಡೆಯುತ್ತದೆ. 25 ಡಿಗ್ರಿಯಲ್ಲಿ 95 ಶೇಕಡಾ ತೇವಾಂಶವಿದ್ದ ಗಾಳಿ ಅಟ್ಟದಲ್ಲಿ 28 ಡಿಗ್ರಿಗೆ ಏರಿದರೆ ಅದರ ತೇವಾಂಶ ಸುಮಾರು 80 ಶೇಕಡಾಕ್ಕೆ ಇಳಿಯುತ್ತದೆ. ಬೂಷ್ಟು ಬೆಳೆಯಲು ಹಿಂಜರಿಯುವ ಗಡಿಯೂ ಅಲ್ಲೇ ಇದೆ. ಆದ್ದರಿಂದ ಬಿಸಿಲು ಕಂಡ ಹೊಳವಿನಲ್ಲಿ ಎಲ್ಲವನ್ನೂ ತೆರೆಯಬೇಕು, ಜಡಿ ಹಿಡಿದಾಗ ಪಡುವಣ ಬದಿಯನ್ನು ಮುಚ್ಚಿ ಮೂಡಣ ಬದಿಯನ್ನು ಮಾತ್ರ ತೆರೆದಿಡಬೇಕು. ಅಟ್ಟದಲ್ಲಿ ದಿನಕ್ಕೆ ಒಂದೆರಡು ಗಂಟೆ ಫ್ಯಾನು ತಿರುಗಿಸಿದರೂ ಮೂಲೆಗಳಲ್ಲಿ ಗಾಳಿ ನಿಲ್ಲುವುದು ತಪ್ಪುತ್ತದೆ.

ಬೂಷ್ಟು ಹಿಡಿದ ಮುಚ್ಚಿಗೆ, ಪಕಾಸುಗಳನ್ನು ಉಳಿಸಿಕೊಳ್ಳಬಹುದೇ?

ಹೆಚ್ಚಿನ ಸಲ ಉಳಿಸಿಕೊಳ್ಳಬಹುದು. ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಒಣ ಪೊರಕೆಯಿಂದ ಝಾಡಿಸದೆ (ಝಾಡಿಸಿದರೆ ಅದರ ಬೀಜಕಣಗಳು ಮನೆಯೆಲ್ಲ ಹಾರುತ್ತವೆ) ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನು ಹಾಕಿ ಒಣಗಿಸಬೇಕು. ಆಮೇಲೆ ಸೂಜಿಮೊನೆಯ ಸ್ಕ್ರೂಡ್ರೈವರಿನಿಂದ ಮರವನ್ನು ಒತ್ತಿ ನೋಡಬೇಕು, ವಿಶೇಷವಾಗಿ ಪಕಾಸಿನ ತುದಿ ಗೋಡೆಯ ಮೇಲೆ ಕೂರುವಲ್ಲಿ. ಮೊನೆ ಬೆಣ್ಣೆಯೊಳಗೆ ಹೋದಂತೆ ಇಳಿದರೆ ಅದು ಕೊಳೆತ ಮರ, ಬದಲಿಸಲೇಬೇಕು. ಮರದೊಳಗಿನ ತೇವ 20 ಶೇಕಡಾದೊಳಗೆ ಇರುವವರೆಗೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಹಸಿ ಮರದ ಮೇಲೆ ವಾರ್ನಿಶ್ ಹಚ್ಚುವುದು ತೇವವನ್ನು ಒಳಗೆ ಕೂಡಿಹಾಕುತ್ತದೆ; ಬೇಸಿಗೆಯವರೆಗೆ ಕಾಯಬೇಕು. ನಮ್ಮ ಕಡೆ ಹಿಂದಿನಿಂದಲೂ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುವ ರೂಢಿಯಿದೆ, ಹುಳುವಿಗೂ ನೀರಿಗೂ ಅದು ಒಳ್ಳೆಯ ತಡೆ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುವುದರಿಂದ ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಮುಟ್ಟಬಾರದು.

ಗೆದ್ದಲಿನ ಮಣ್ಣಿನ ಗೆರೆ ಗೋಡೆಯ ಮೇಲೆ ಅಟ್ಟದವರೆಗೆ ಹತ್ತಿದ್ದರೆ ಮೇಲೆ ಎಲ್ಲೋ ಮರ ಹಸಿಯಾಗಿದೆಯೇ ಎಂದು ಮೊದಲು ಹುಡುಕಿ. ಗೆರೆಯನ್ನು ಒರೆಸಿ ಔಷಧ ಹಾಕಿದರೂ ಹಸಿ ಹಾಗೆಯೇ ಉಳಿದರೆ ಅದು ಮರಳಿ ಬರುತ್ತದೆ.

ಅಟ್ಟದಲ್ಲಿ ಏನನ್ನು ಇಡಬಾರದು?

ಮಳೆಗಾಲದಲ್ಲಿ ಹಾಸಿಗೆ, ಪುಸ್ತಕ, ರಟ್ಟಿನ ಪೆಟ್ಟಿಗೆ ಇಡಬಾರದು. ಅಡಿಕೆ, ಕಾಳುಮೆಣಸು ಇಡುವುದಾದರೆ ಚೆನ್ನಾಗಿ ಒಣಗಿಸಿ ಗಾಳಿಯಾಡದ ಚೀಲದಲ್ಲಿ ಕಟ್ಟಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಬೇಕು. ಸೂರಿನ ಮೂಲೆಗೆ ಸಾಮಾನು ಒತ್ತರಿಸಿ ಗಾಳಿಯ ದಾರಿಯನ್ನೇ ಕಟ್ಟುವುದು ಎಲ್ಲರೂ ಮಾಡುವ ತಪ್ಪು.

ಮಳೆಗಾಲದ ನಡುವೆ ಸೋರಲು ಆರಂಭವಾದರೆ ಏನು ಮಾಡಬೇಕು?

ನೀರು ಬಲ್ಬು, ಫ್ಯಾನು, ಸ್ವಿಚ್ಚಿನ ಹತ್ತಿರ ಇಳಿಯುತ್ತಿದ್ದರೆ ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಹಾವಸೆ ಹಿಡಿದ ಮಾಡಿನ ಮೇಲೆ ಮಳೆಯಲ್ಲಿ ಹತ್ತಬಾರದು. ಒಂದು ಹನಿಗಾಗಿ ಸೊಂಟ ಮುರಿದುಕೊಂಡವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಹೊಳವಾಗುವವರೆಗೆ ಅಟ್ಟದೊಳಗಿನಿಂದಲೇ, ಸೋರುವ ಹಂಚಿನ ಕೆಳಗೆ ರೀಪುಗಳ ನಡುವೆ ಒಂದು ಅಡಿಕೆ ಹಾಳೆಯನ್ನೋ ತಗಡನ್ನೋ ಓರೆಯಾಗಿ ಸಿಕ್ಕಿಸಿ, ನೀರು ಕೆಳಗಿನ ಹಂಚಿನ ಮೇಲೆ ಬಿದ್ದು ಹೊರಗೆ ಹೋಗುವಂತೆ ಮಾಡಬಹುದು. ಹೊರಗಿನಿಂದ ಟಾರ್ಪಾಲು ಹಾಕುವಾಗ ಅದು ನೆತ್ತಿಯನ್ನು ದಾಟಿ ಆಚೆಯ ಇಳಿಜಾರಿನ ಮೇಲೂ ಇಳಿಯಬೇಕು, ಇಲ್ಲವಾದರೆ ನೀರು ಅದರ ಮೇಲಂಚಿನ ಕೆಳಗೆ ನುಗ್ಗುತ್ತದೆ; ಮೊಳೆ ಹೊಡೆಯದೆ ಹಗ್ಗದಲ್ಲಿ ಬಿಗಿಯಬೇಕು. ಹಳೆಯ ಸಿಮೆಂಟ್ ಶೀಟಿನ ಮಾಡಾದರೆ ಅದರ ಮೇಲೆ ಕಾಲಿಡಬಾರದು, ಒಣಗಿದಾಗ ಕೊರೆಯಲೂ ಉಜ್ಜಲೂ ಬಾರದು. ಅಂಥ ಶೀಟಿನಲ್ಲಿರುವ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಗಾಳಿಗೆ ಮಾಡು ಹಾರಿಹೋದರೆ ಅಥವಾ ಮರ ಬಿದ್ದರೆ ಯಾರಿಗೆ ತಿಳಿಸಬೇಕು?

ಊರಿನ ಗ್ರಾಮ ಆಡಳಿತ ಅಧಿಕಾರಿಗೆ ಅದೇ ದಿನ ತಿಳಿಸಿ, ತಹಶೀಲ್ದಾರರ ಕಚೇರಿಗೆ ಲಿಖಿತ ಅರ್ಜಿ ಕೊಡಬೇಕು. ಪರಿಶೀಲನೆಗೆ ಬರುವವರೆಗೆ ಮನೆಯನ್ನು ಮಳೆಗೆ ಬಿಟ್ಟು ಕಾಯಬೇಕಾಗಿಲ್ಲ. ಟಾರ್ಪಾಲು ಹೊದಿಸುವ ಮೊದಲು ಹೊರಗಿನಿಂದ, ಒಳಗಿನಿಂದ, ಮತ್ತು ಮನೆಯ ಸಂಖ್ಯೆ ಕಾಣುವಂತೆ ಮುಂಬಾಗಿಲಿನಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಒಡೆದ ಹಂಚುಗಳನ್ನು ಎಸೆಯದೆ ಅಂಗಳದ ಒಂದು ಬದಿಗೆ ರಾಶಿ ಹಾಕಿಡಿ.